ಹೈದರಾಬಾದ್ ಸರ್ ಕೊಟ್ಟ ಸಲಹೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ನೀವು ಕಂಡುಹಿಡಿದು ಬೈಯುವ ತ್ರಾಸು ಬೇಡ. ಹೈದರಾಬಾದ್ ಸರ್ ಅನ್ನುವ ಮನುಷ್ಯ ಇರಲೇ ಇಲ್ಲ. ಹದಿನೆಂಟು ವರ್ಷ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿದ, ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಂಡು "ನೋಡಿ ಮಕ್ಕಳೇ" ಎಂದು ಶುರುಮಾಡುವ ಆ ತೂಕದ ಆಸಾಮಿ ನಾನೇ. ವಯಸ್ಸು ಇಪ್ಪತ್ನಾಲ್ಕು, ಇಂಜಿನಿಯರಿಂಗ್ ಅರ್ಧ. ಹುಮನಾಬಾದಿನಲ್ಲಿ ಬೀಜ-ಗೊಬ್ಬರದ ಅಂಗಡಿಯ ಮೇಲಿನ ತಗಡಿನ ಕೋಣೆಯಲ್ಲಿ, ಹೊರಗಿನ ಸದ್ದು ಬರದಿರಲೆಂದು ತಲೆಯ ಮೇಲೆ ಕೌದಿ ಹೊದ್ದುಕೊಂಡು ಮೈಕಿನ ಮುಂದೆ ಬೆವರುತ್ತ ಕೂತಿದ್ದವನು. ಪುಣೆ ಮೇಡಂ ಕೂಡ ನಾನೇ. ಸಾಫ್ಟ್‌ವೇರಿನ ತಪ್ಪು ಹುಡುಕುವ ಟೆಸ್ಟಿಂಗ್ ಅಣ್ಣನೂ ನಾನೇ. ಅವನಿಗೆ ಯಾವಾಗಲೂ ಶೀತ, ಯಾಕೆಂದರೆ ಅವನ ದನಿ ಮೊದಲ ಸಲ ರೆಕಾರ್ಡ್ ಮಾಡಿದ ದಿನ ನನಗೆ ಶೀತವಾಗಿತ್ತು. ಆಮೇಲೆ ಅವನಿಗೆ ವಾಸಿಯಾಗಲು ನಾನು ಬಿಡಲಿಲ್ಲ.

ಚಿಕ್ಕಂದಿನಿಂದ ನನ್ನದು ಇದೊಂದೇ ವಿದ್ಯೆ. ನಾರಾಯಣಪುರದ ನಮ್ಮ ಓಣಿಯಲ್ಲಿ ಯಾರ ದನಿ ಬೇಕಾದರೂ ತೆಗೆಯುತ್ತಿದ್ದೆ. ಜನ ನಗುತ್ತಿದ್ದರು. ನಕ್ಕ ಮೇಲೆ "ಇನ್ನೊಬ್ಬರದು ಮಾಡು" ಅನ್ನುತ್ತಿದ್ದರೇ ಹೊರತು, "ನೀ ಹ್ಯಾಂಗಿದ್ದಿ" ಎಂದು ಕೇಳಿದವರು ಕಡಿಮೆ. ಕೇಳಿದ್ದರೆ ಯಾವ ದನಿಯಲ್ಲಿ ಉತ್ತರ ಕೊಡುತ್ತಿದ್ದೆನೋ, ಅದೂ ಗೊತ್ತಿಲ್ಲ.

ಕೆಲಸ ಸಿಕ್ಕಿದ್ದು ಬಸವಕಲ್ಯಾಣದ ಒಂದು ಸಣ್ಣ ಸಂಸ್ಥೆಯಲ್ಲಿ. ಅದರ ಸಂಚಾಲಕರು ನಿವೃತ್ತ ಮೇಷ್ಟ್ರು. ಹತ್ತನೆಯ ಕ್ಲಾಸು, ಪಿಯುಸಿ ಮುಗಿಸಿದ ಹಳ್ಳಿ ಮಕ್ಕಳು ಕಂಪ್ಯೂಟರ್ ಲೈನಿಗೆ ಹೋಗುವುದಾದರೆ ಏನು ಓದಬೇಕು, ಓದಿದರೆ ಏನು ಕೆಲಸ ಸಿಗುತ್ತದೆ, ಯಾವ ಕೋರ್ಸಿನಲ್ಲಿ ಬೋರ್ಡು ಬಿಟ್ಟರೆ ಬೇರೇನೂ ಇಲ್ಲ, ಇದನ್ನೆಲ್ಲ ಫೋನಿನಲ್ಲೇ ತಿಳಿಸುವ ವ್ಯವಸ್ಥೆ ಮಾಡಬೇಕು ಅಂತ ಅವರ ಮನಸ್ಸಿಗೆ ಬಂದಿತ್ತು.

"ಸ್ಮಾರ್ಟ್‌ಫೋನ್ ಹುಡುಗೂರ ಕೈಯಾಗ ಇರಂಗಿಲ್ಲಪಾ, ಅವರ ಅಣ್ಣನ ಕೈಯಾಗ ಇರ್ತದ. ಗುಂಡಿ ಒತ್ತೋ ಫೋನಿನಾಗೂ ನಡೀಬೇಕು. ಮತ್ತ ಎಲ್ಲಾ ಶಿಸ್ತಿನಿಂದ ಆಗಬೇಕು," ಅಂದರು. ಶಿಸ್ತು ಅನ್ನುವಾಗ ಅವರ ಎರಡೂ ಹುಬ್ಬು ಒಟ್ಟಿಗೆ ಮೇಲೇರುತ್ತವೆ. ಅವರನ್ನು ಮಾಡಿ ತೋರಿಸಬೇಕಾದರೆ ಮೊದಲು ಹುಬ್ಬು, ಆಮೇಲೆ ದನಿ.

ನಾನು ವ್ಯವಸ್ಥೆ ಕಟ್ಟಿದೆ. ಹೀಗೆ: ಮಗು ಒಂದು ಮಿಸ್ಡ್ ಕಾಲ್ ಕೊಡಬೇಕು. ನಮ್ಮ ಕಂಪ್ಯೂಟರು ಅದನ್ನು ನೋಡಿ ವಾಪಸ್ ಫೋನ್ ಮಾಡುತ್ತದೆ. ಕೋರ್ಸುಗಳ ಬಗ್ಗೆ ಕೇಳಲು ಒಂದು ಒತ್ತಬೇಕು, ಕೆಲಸಗಳ ಬಗ್ಗೆ ಕೇಳಲು ಎರಡು. ನಿಮ್ಮದೇ ಪ್ರಶ್ನೆ ಇದ್ದರೆ ಮೂರು ಒತ್ತಿ, ಪೀಂ ಅಂದ ಮೇಲೆ ಮಾತಾಡಬೇಕು. ಆ ಪ್ರಶ್ನೆ ನನ್ನ ಫೋಲ್ಡರಿಗೆ ಬಂದು ಬೀಳುತ್ತದೆ. ಉತ್ತರವನ್ನು ರೆಕಾರ್ಡ್ ಮಾಡಿ ಆ ನಂಬರಿಗೆ ಕಟ್ಟಿಟ್ಟರೆ, ಮುಂದಿನ ಸಲ ಅದೇ ನಂಬರಿನಿಂದ ಮಿಸ್ಡ್ ಕಾಲ್ ಬಂದಾಗ ಮೊದಲು ಅದೇ ಕೇಳಿಸುತ್ತದೆ. ಯಾರು ಎಷ್ಟು ಸೆಕೆಂಡ್ ಕೇಳಿದರು, ಎಲ್ಲಿ ಇಟ್ಟುಬಿಟ್ಟರು, ಎಲ್ಲ ಲಾಗಿನಲ್ಲಿ ದಾಖಲಾಗುತ್ತದೆ.

ಬಾಯಿಯಲ್ಲಿ ಹೇಳಿದರೆ ಇಷ್ಟೇ. ಮಾಡುವಾಗ ಎರಡು ತಿಂಗಳು ಹೈರಾಣಾದೆ. ಮೊದಲ ಮೆನು ಪುಸ್ತಕದ ಭಾಷೆಯಲ್ಲಿತ್ತು: "ಮಾಹಿತಿ ತಂತ್ರಜ್ಞಾನ ಕ್ಷೇತ್ರದಲ್ಲಿನ ವಿಪುಲ ಅವಕಾಶಗಳ ಕುರಿತು ಅರಿಯಲು..." ಲಾಗ್ ತೆಗೆದು ನೋಡಿದರೆ "ವಿಪುಲ" ಬರುವಷ್ಟರಲ್ಲಿ ಎಲ್ಲರೂ ಪರಾರಿ. ಅದನ್ನು ತೆಗೆದು, "ಕಂಪ್ಯೂಟರ್ ಕಲಿಬೇಕಂತೀರಿ? ಏನು ಕಲಿಬೇಕಂತ ಗೊತ್ತಿಲ್ಲೇನು? ಒಂದು ಒತ್ರಿ" ಅಂತ ಹಾಕಿದೆ. ಮಕ್ಕಳು ನಿಂತರು. ಸಂಚಾಲಕರು ಮಾತ್ರ "ಶಿಸ್ತಿಲ್ಲ" ಅಂದರು, ಹುಬ್ಬು ಸಮೇತ.

ಮುಂದಿನ ತೊಂದರೆ ನನ್ನ ಕಲೆಯಿಂದಲೇ ಬಂತು. ಪುಣೆ ಮೇಡಂ ಮಾತಾಡುವಾಗ ಮೆನು ತಾನಾಗಿ ಜಿಗಿಯುತ್ತಿತ್ತು. ಅವರು "ವೆಬ್ ಡಿಸೈನಿಂಗ್‌ನಲ್ಲಿ..." ಅನ್ನುವಷ್ಟರಲ್ಲಿ ಕಂಪ್ಯೂಟರು "ಧನ್ಯವಾದಗಳು" ಎಂದು ಫೋನ್ ಇಟ್ಟುಬಿಡುತ್ತಿತ್ತು. ಮೂರು ದಿನ ತಲೆ ಕೆರೆದ ಮೇಲೆ ಗೊತ್ತಾಯಿತು: ಸ್ಪೀಕರ್ ಹಾಕಿ ಮನೆಮಂದಿಯೆಲ್ಲ ಕೂಡಿ ಕೇಳುವಾಗ, ಮೇಡಂ ದನಿ ಅದೇ ಫೋನಿನ ಮೈಕಿಗೆ ಹೊಕ್ಕು ನಮ್ಮ ಕಂಪ್ಯೂಟರಿಗೆ ವಾಪಸ್ ಬರುತ್ತಿತ್ತು. ನಾನು ಎಳೆದು ತೆಗೆದ ಕೀರಲು ದನಿ, ಗುಂಡಿ ಒತ್ತಿದಾಗ ಹೊರಡುವ ಸದ್ದಿಗೆ ಎಷ್ಟು ಹತ್ತಿರವಿತ್ತೆಂದರೆ ಯಂತ್ರ ಅದನ್ನು ಗುಂಡಿ ಎಂದೇ ನಂಬಿತ್ತು. ಮನುಷ್ಯರನ್ನು ಏಮಾರಿಸಿದ್ದು ಗೊತ್ತಿತ್ತು, ಯಂತ್ರವೂ ಏಮಾರಿತು ಅಂತ ಒಂದು ಗಳಿಗೆ ಎದೆಯುಬ್ಬಿತು. ಹೇಳಿಕೊಳ್ಳೋಣ ಅಂತ ಸುತ್ತ ನೋಡಿದೆ. ಕೋಣೆಯಲ್ಲಿ ಕಂಪ್ಯೂಟರು, ಕೌದಿ, ನಾನು. ಮೇಡಂ ದನಿಯನ್ನು ಒಂದು ಮೆಟ್ಟಿಲು ಇಳಿಸಿದೆ, ಗುಂಡಿಯ ಸದ್ದು ಸ್ವಲ್ಪ ಹೆಚ್ಚು ಹೊತ್ತು ಇದ್ದರೆ ಮಾತ್ರ ಲೆಕ್ಕಕ್ಕೆ ಹಿಡಿ ಅಂತ ಸೆಟ್ಟಿಂಗ್ ಬದಲಿಸಿದೆ. ನಡೆಯಿತು.

ಇಷ್ಟಕ್ಕೂ ಈ ಸರ್, ಮೇಡಂ ಯಾಕೆ ಹುಟ್ಟಿದರು ಅಂದರೆ, ಖರೇ ಮಂದಿ ಸಿಗಲಿಲ್ಲ. ನಮ್ಮ ಕಡೆಯಿಂದ ಹೋಗಿ ದೊಡ್ಡ ಕಂಪನಿಗಳಲ್ಲಿ ಇರುವವರಿಗೆ ಫೋನ್ ಮಾಡಿದೆ, ಮೇಲ್ ಹಾಕಿದೆ. ಒಬ್ಬರು "ವೀಕೆಂಡ್ ಮಾಡ್ತೀನಿ" ಅಂದರು. ಅವರ ವೀಕೆಂಡ್ ಇನ್ನೂ ಬಂದಿಲ್ಲ. ಒಬ್ಬರು ಮುಕ್ಕಾಲು ಗಂಟೆಯ ಇಂಗ್ಲಿಷ್ ಭಾಷಣ ಕಳಿಸಿದರು, ಅದರಲ್ಲಿ ನನಗೆ ಅರ್ಥವಾದ ಒಂದೇ ಮಾತು "ಹಲೋ". ಉದ್ಘಾಟನೆಯ ದಿನ ನಿಗದಿಯಾಗಿಬಿಟ್ಟಿತ್ತು. ಸಂಚಾಲಕರು ಪ್ರತಿ ಸೋಮವಾರ ಬಸವಕಲ್ಯಾಣದ ಆಫೀಸಿನಲ್ಲಿ ಕೂರಿಸಿಕೊಂಡು "ತಜ್ಞರು ಬಂದ್ರೇನು?" ಅಂತ ಕೇಳುವವರು. ಒಂದು ಸೋಮವಾರ "ಬಂದಾರ ಸರ್, ಮೂರು ಮಂದಿ. ಹೆಸರು ಹೇಳಬ್ಯಾಡಂದಾರ, ಕಂಪನಿ ರೂಲ್ ಅದ ಅಂತ" ಅಂದುಬಿಟ್ಟೆ. ಸುಳ್ಳು ಹೇಳಿದ್ದು ಕೂಡ ಯಾರದೋ ದನಿಯಲ್ಲಿ ಅನಿಸಿತು.

ಸಂಚಾಲಕರಿಗೆ ಹೈದರಾಬಾದ್ ಸರ್ ಅಂದರೆ ಜೀವ. "ಎಂಥಾ ತೂಕದ ಮನುಷ್ಯಾಪಾ! ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮಿ ಇಲ್ಲ. ನೀನೂ ಅದೀ, ಬರೇ ಪಟಪಟ. ಅವರ ಹಂಗ ಮಾತಾಡೂದು ಕಲಿ ಸ್ವಲ್ಪ."

"ಪ್ರಯತ್ನ ಮಾಡ್ತೀನಿ ಸರ್," ಅಂದೆ.

ಸಲಹೆಗಳಲ್ಲಿ ಮೋಸ ಇರಲಿಲ್ಲ, ಅದನ್ನು ಹೇಳಲೇಬೇಕು. ಹುಡುಕಿ, ಓದಿ, ಕಾಲೇಜುಗಳಿಗೆ ಫೋನ್ ಮಾಡಿ ಕೇಳಿ ಬರೆದವು. ಕೋಡಿಂಗ್ ಒಂದೇ ಅಲ್ಲ, ನೆಟ್‌ವರ್ಕ್ ಜೋಡಿಸುವವರು, ಸಾಫ್ಟ್‌ವೇರಿನ ತಪ್ಪು ಹುಡುಕುವವರು, ಯಂತ್ರ ರಿಪೇರಿ ಮಾಡುವವರು ಎಲ್ಲ ಬೇಕು ಅಂತ ಹೇಳುತ್ತಿದ್ದೆವು. ಮೂರು ತಿಂಗಳಲ್ಲಿ ನೌಕರಿ ಗ್ಯಾರಂಟಿ ಅನ್ನುವ ಕೋರ್ಸಿಗೆ ಸೇರುವ ಮೊದಲು ಅಲ್ಲಿ ಕಲಿತು ಹೊರಬಿದ್ದ ಇಬ್ಬರನ್ನಾದರೂ ಕಂಡು ಮಾತಾಡಿಸಿ ಅಂತಲೂ. "ಹೇಳುತ್ತಿದ್ದೆವು" ಅಂದೆ ನೋಡಿ, ನನಗೂ ನಾವು ನಾಲ್ಕು ಮಂದಿ ಇದ್ದೇವೆ ಅನ್ನುವುದು ರೂಢಿಯಾಗಿಬಿಟ್ಟಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಹೈದರಾಬಾದ್ ಸರ್ ಗಂಟಲು ಸರಿಮಾಡಿಕೊಂಡು "ಇವತ್ತೂ ಪುಂಡಿಪಲ್ಯನಾ?" ಅನ್ನುವರು. ಮೇಡಂ "ಡಯಟ್‌ಗೆ ಒಳ್ಳೆಯದು" ಅನ್ನುವರು. ಟೆಸ್ಟಿಂಗ್ ಅಣ್ಣ ಸೀನುವನು. ನಾನು ಮಾತ್ರ ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಸುಮ್ಮನೆ ಕೇಳುತ್ತಿದ್ದೆ.

ಪ್ರಶ್ನೆಗಳು ಬರತೊಡಗಿದವು. "ಲ್ಯಾಪ್‌ಟಾಪ್ ಇಲ್ದೇ ಕೋಡಿಂಗ್ ಕಲೀಲಿಕ್ಕ ಬರ್ತದೇನ್ರಿ?" "ಕನ್ನಡ ಮೀಡಿಯಂ ಇದ್ದವರಿಗೆ ಕಂಪ್ಯೂಟರ್ ಬೈತದೇನ್ರಿ?" ಹುಡಗಿ ಎಂಬ ಊರಿನ ಕಡೆಯ ಒಬ್ಬ ಹುಡುಗ ಪ್ರಶ್ನೆಯನ್ನೇ ಕೇಳದೆ ಒಂದೂವರೆ ನಿಮಿಷ ತನ್ನ ಎಮ್ಮೆಯ ಬಗ್ಗೆ ಹೇಳಿ ಇಟ್ಟುಬಿಟ್ಟಿದ್ದ. ಅವನಿಗೆ ಟೆಸ್ಟಿಂಗ್ ಅಣ್ಣ ಎಮ್ಮೆಯ ಕ್ಷೇಮ ವಿಚಾರಿಸಿ ಉತ್ತರ ಕೊಟ್ಟ. ಎಲ್ಲರೂ "ಸರ್ ಸರ್" ಎನ್ನುತ್ತ ಮನಸ್ಸು ಬಿಚ್ಚುತ್ತಿದ್ದರು. ನನ್ನ ಸ್ವಂತ ಫೋನ್ ಮೇಜಿನ ಮೇಲೆ ಮಲಗಿರುತ್ತಿತ್ತು. ಅದಕ್ಕೆ ಬರುತ್ತಿದ್ದುದು ಕಂಪನಿಯ ರೀಚಾರ್ಜ್ ಸಂದೇಶ ಮಾತ್ರ.

ಒಂದು ದಿನ ಘಾಟಬೋರಾಳದ ಕಡೆಯಿಂದ ಒಂದು ಹುಡುಗಿಯ ಪ್ರಶ್ನೆ ಬಂತು. ಹಿನ್ನೆಲೆಯಲ್ಲಿ ಹಿಟ್ಟಿನ ಗಿರಣಿಯ ಸದ್ದು. "ಸರ್, ನಾ ಘಾಟಬೋರಾಳದಾಕಿ, ಹತ್ತನೆತ್ತೆ ಪಾಸಾಗೀನಿ. ಪಾಲಿಟೆಕ್ನಿಕ್‌ನಾಗ ಕಂಪ್ಯೂಟರ್ ಸೈನ್ಸ್ ಸೀಟ್ ಬಂದದ. ನಮ್ಮ ಕ್ಲಾಸಿನಿಂದ ಯಾರೂ ಆ ಕಡೆ ಹೊಂಟಿಲ್ಲ, ನಾ ಒಬ್ಬಾಕಿನೇ. ನನಗ ಗಣಿತಂದ್ರ ಅಂಜಿಕಿ ಬರ್ತದರಿ. ಹೋಗ್ಲೋ ಬ್ಯಾಡೋ ತಿಳೀವಲ್ದು. ಹೇಳ್ರಿ."

ಬೇರೆ ಪ್ರಶ್ನೆಯಾಗಿದ್ದರೆ ಕಾಗದದ ಮೇಲೆ ಉತ್ತರ ಬರೆದುಕೊಂಡು, ಎರಡು ಸಲ ತಿದ್ದಿ, ಆಮೇಲೆ ಕೌದಿಯೊಳಗೆ ಹೋಗುತ್ತಿದ್ದೆ. ಇದಕ್ಕೆ ಬರೆಯಲಿಲ್ಲ. ನೇರ ಮೈಕ್ ಹಚ್ಚಿದೆ. ಹೈದರಾಬಾದ್ ಸರ್ ಗಂಟಲು ಸರಿಮಾಡಿಕೊಂಡರು. "ನೋಡಮ್ಮಾ. ಗಣಿತಕ್ಕೆ ಅಂಜುವವರಿಗೆ ಈ ದಾರಿ ಅಲ್ಲ. ಮೊದಲ ವರ್ಷ ಹೇಗೋ ದಾಟುತ್ತೀ. ಎರಡನೆಯ ವರ್ಷ ಅದು ಕಾಲು ಹಿಡಿಯುತ್ತದೆ. ಜೊತೆಯವರೆಲ್ಲ ಮುಂದಿನ ಬೆಂಚಿಗೆ ಹೋಗುತ್ತಾರೆ, ನೀನೊಬ್ಬಳೇ ಹಿಂದೆ ಉಳಿಯುತ್ತೀ. ಮನೆಯವರಿಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಈಗಲೇ ಬಿಡುವುದು ವಾಸಿ."

ಒಂದೇ ಟೇಕ್. ತಿದ್ದುವ ಹಾಗೇ ಇರಲಿಲ್ಲ. ಅಷ್ಟು ಚೆನ್ನಾಗಿ ಸರ್ ಎಂದೂ ಮಾತಾಡಿರಲಿಲ್ಲ. ಯಾಕೆ ಅಂತ ಆಗ ಯೋಚಿಸಲಿಲ್ಲ. ಮೂರನೆಯ ಸೆಮಿಸ್ಟರಿನ ಗಣಿತದಲ್ಲಿ ಎರಡು ಸಲ ಕೂತು ಎರಡು ಸಲವೂ ಬಿದ್ದು, ಹಾಸ್ಟೆಲಿನ ಕೋಣೆಯಲ್ಲಿ ಒಬ್ಬನೇ ಪೆಟ್ಟಿಗೆ ಕಟ್ಟಿದವನು ಹೈದರಾಬಾದ್ ಸರ್ ಅಲ್ಲ, ಬೇರೆ ಯಾರೋ.

ನಾಲ್ಕು ದಿನದ ನಂತರ ಲಾಗ್ ನೋಡುತ್ತಿದ್ದೆ. ನಮ್ಮ ಉತ್ತರಗಳನ್ನು ಮಕ್ಕಳು ಒಮ್ಮೆ ಕೇಳುತ್ತಾರೆ, ಅರ್ಧಕ್ಕೆ ಬಿಡುವವರೂ ಉಂಟು. ಘಾಟಬೋರಾಳದ ನಂಬರು ಒಂದೇ ಉತ್ತರವನ್ನು ಏಳು ಸಲ ಕೇಳಿತ್ತು. ಏಳೂ ಸಲ ಕೊನೆಯ ಸೆಕೆಂಡಿನ ತನಕ. ಏಳನೆಯ ಸಲ, ಅವತ್ತೇ ಬೆಳಿಗ್ಗೆ, ಮೂರು ಒತ್ತಿ ಮಾತಾಡಿತ್ತು.

"ಸರ್, ನೀವು ಹೇಳಿದ್ದು ಬರೋಬ್ಬರಿ ಅದ. ನಾ ಹೋಗಂಗಿಲ್ಲಂತ ಮನ್ಯಾಗ ಹೇಳೀನಿ. ನಾಳೆ ಸಂಜಿ ಐದರ ಒಳಗ ಕಾಗದ ತಗೊಂಡು ಕಾಲೇಜಿಗೆ ಹೋಗಿ ಸೇರಬೇಕು, ಇಲ್ಲಂದ್ರ ಸೀಟ್ ಹೋಗ್ತದ. ಅಪ್ಪ ಒಪ್ಪವಲ್ಲ. ಹೋಗೇ ಹೋಗು ಅಂತಾನ, ಸಿಟ್ಟಾಗ್ಯಾನ. ನೀವು ಅಪ್ಪಗ ಒಂದು ಮಾತು ತಿಳಿಸಿ ಹೇಳ್ರಿ ಸರ್, ನೀವು ಹೇಳಿದ್ರ ಕೇಳ್ತಾನ."

ಎರಡು ಸಲ ಕೇಳಿದೆ. ಮಗಳನ್ನು ಕಾಲೇಜಿಗೆ ಕಳಿಸುತ್ತೇನೆ ಅಂತ ತಂದೆ ಹಟ ಹಿಡಿದಿದ್ದಾನೆ. ಕಳಿಸಬೇಡ ಎಂದು ಅವನಿಗೆ ಬುದ್ಧಿ ಹೇಳಲು ಕರೆ ಬಂದಿರುವುದು ನನಗೆ! ಗಡಿಯಾರ ನೋಡಿದೆ. ಬೆಳಿಗ್ಗೆ ಹನ್ನೊಂದು.

ಸುಲಭದ ದಾರಿ ಕಣ್ಣೆದುರೇ ಇತ್ತು. ಸರ್ ಫೋನ್ ಮಾಡಬೇಕು, "ನೋಡಮ್ಮಾ, ಮತ್ತೆ ಯೋಚಿಸಿದೆ" ಅನ್ನಬೇಕು, ಮುಗಿಯಿತು. ಗಂಟಲು ಸರಿಮಾಡಿಕೊಂಡೂ ಆಯಿತು. ನಂಬರು ಒತ್ತುವಾಗ ಕೈ ನಿಂತಿತು. ಅವಳು ಅದನ್ನೂ ಹಾಗೇ ನಂಬುತ್ತಾಳೆ. ಮುಂದೆ ಪಾಲಿಟೆಕ್ನಿಕ್‌ನಲ್ಲಿ ಏನು ತೊಡಕು ಬಂದರೂ ಸರ್‌ಗೆ ಮಿಸ್ಡ್ ಕಾಲ್ ಕೊಡುತ್ತಾಳೆ. ಇಲ್ಲದ ಮನುಷ್ಯನ ಕೈ ಹಿಡಿದುಕೊಂಡು ಮೂರು ವರ್ಷ ಅವಳು ಹ್ಯಾಂಗ ನಡೆಯುವುದು? ಸರ್ ಬೇಡ, ನಾನೇ ಹೇಳುತ್ತೇನೆ ಅಂತ ತೀರ್ಮಾನಿಸಿ ನನ್ನ ಫೋನಿನಿಂದ ಮಾಡಿದೆ.

ಅವಳೇ ಎತ್ತಿದಳು. ನಾನು ನನ್ನ ದನಿಯಲ್ಲಿ ಹೇಳಿದೆ: "ತಂಗೀ, ಆ ಸಲಹಾ ಫೋನಿನಿಂದ ಮಾತಾಡಾಕತ್ತೇನಿ. ಆ ಹೈದರಾಬಾದ್ ಸರ್ ಅದಾರಲಾ, ಅವರು ಇಲ್ಲ. ಅದು ನಾನೇ ದನಿ ತಗದು ಹೇಳಿದ್ದು. ಆ ಮಾತು ಬಿಟ್ಟುಬಿಡು, ನಾಳೆ ಹೋಗಿ ಸೇರಿಕೋ."

"ಯಾರ್ರೀ ನೀವು? ಸರ್ ಬಗ್ಗೆ ಹಂಗೆಲ್ಲ ಮಾತಾಡಬ್ಯಾಡ್ರಿ. ಅಪ್ಪ ಹೇಳಿ ಫೋನ್ ಮಾಡ್ಸ್ಯಾನೇನು?" ಅಂದು ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಮೂರನೆಯ ಸಲಕ್ಕೆ ಸ್ವಿಚ್ ಆಫ್.

ಬೇಕಾದರೆ ನಗಿರಿ. ನಾನು ಹುಟ್ಟಿಸಿದ ಮನುಷ್ಯನನ್ನು ನಂಬಿ ನನ್ನನ್ನು ಒದ್ದು ಹೊರಗೆ ಹಾಕಿದಳು. ಆ ಸರ್ ಮೇಲೆ ಹೊಟ್ಟೆಕಿಚ್ಚಾಯಿತು, ಖರೇ ಹೇಳುತ್ತೇನೆ. ಅವನಿಗಿರುವ ಮರ್ಯಾದೆಯಲ್ಲಿ ಒಂದಾಣೆ ನನಗಿಲ್ಲ. ಫೋನಿನೊಳಗಿನ ದನಿ ಸುಳ್ಳು ಅನ್ನುವುದನ್ನು ಫೋನಿನಲ್ಲೇ ಹೇಳಿದರೆ ಯಾರು ನಂಬಬೇಕು? ಬಾಯಿ ಕಾಣುವಂತೆ ಎದುರು ನಿಂತೇ ಹೇಳಬೇಕು.

ಹೊರಡುವ ಮೊದಲು ಸಂಚಾಲಕರಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ತಜ್ಞರು ಇಲ್ಲ ಅನ್ನುವುದನ್ನು ಅವರಿಗೆ ಹೇಳುವುದೇ ಹೆಚ್ಚು ಕಷ್ಟವಾಯಿತು.

"ಮೇಡಂನೂ ನೀನೇನು?"

"ಹೌದ್ರಿ ಸರ್."

"ಆಕಿಗೆ ನಾ ದೀಪಾವಳಿ ಶುಭಾಶಯ ರೆಕಾರ್ಡ್ ಮಾಡಿ ಕಳಿಸಿದ್ದೆ."

"ಮುಟ್ಟಿತ್ರಿ ಸರ್."

"ಮೊದಲು ಆ ಹುಡುಗಿ ಮನಿಗೆ ಹೋಗು. ನಿನ್ನ ವಿಚಾರ ಸೋಮವಾರ," ಅಂದರು. ಹುಬ್ಬು ಮೇಲೆ ಹೋಗಿರಲಿಲ್ಲ ಅನ್ನುವುದು ದನಿಯಲ್ಲೇ ತಿಳಿಯಿತು.

ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಘಾಟಬೋರಾಳದ ಬಸ್ಸು ಆಗಷ್ಟೇ ಹೋಗಿತ್ತು. ಮುಂದಿನದಕ್ಕೆ ಒಂದೂವರೆ ತಾಸು ಕಾದು, ಅದು ಬಾರದೆ, ಕಡೆಗೆ ಒಂದು ಜೀಪಿನಲ್ಲಿ ಸಿಕ್ಕಿಕೊಂಡು ಹೋದೆ. ಅವಳ ಹೆಸರು ಲಾಗಿನಲ್ಲಿ ಇರಲಿಲ್ಲ, ನಂಬರು ಮಾತ್ರ. ಗುರುತು ಅಂದರೆ ಗಿರಣಿಯ ಸದ್ದು. ಊರೊಳಗೆ ಗಿರಣಿ ಹುಡುಕಿಕೊಂಡು ಹೋಗಿ, "ಪಾಲಿಟೆಕ್ನಿಕ್ ಸೀಟ್ ಬಂದ ಹುಡುಗಿ ಮನಿ ಯಾವುದ್ರಿ?" ಅಂದರೆ ಗಿರಣಿಯವನು ಹಿಟ್ಟಿನ ಕೈಯಿಂದ ಎದುರು ಬಾಗಿಲು ತೋರಿಸಿದ. "ಅಪ್ಪ ಮಗಳು ಮಾತು ಬಿಟ್ಟಾರ. ನೋಡ್ಕೊಂಡು ಹೋಗ್ರಿ."

ತಂದೆ ಕಟ್ಟೆಯ ಮೇಲೆ ಕೂತು ನೀರು ಹೊಡೆಯುವ ಪಂಪಿನ ನಳಿಗೆ ಸರಿಮಾಡುತ್ತಿದ್ದರು. ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು. ಅವಳ ಅಜ್ಜಿ ಒಳಗಿಂದಲೇ "ಯಾರು ಬಂದ್ರೋ?" ಅಂದಳು. ನಿಂತಲ್ಲೇ ಎಲ್ಲ ಹೇಳಿದೆ.

ತಂದೆ ನಳಿಗೆ ಕೆಳಗಿಟ್ಟರು. "ನೀ ಆ ಸರ್ ಅಂತೀ. ಎಲ್ಲಿ, ಮಾಡಿ ತೋರ್ಸು."

ಗಂಟಲು ಸರಿಮಾಡಿಕೊಂಡೆ. "ನೋಡಿ ಮಕ್ಕಳೇ..."

ಹುಡುಗಿಯ ಕೈ ಬೇಳೆಯಲ್ಲಿ ನಿಂತಿತು. ನನ್ನ ಮುಖವನ್ನಲ್ಲ, ಬಾಯನ್ನು ನೋಡುತ್ತಿದ್ದಳು, ಆ ದನಿ ಇದರಿಂದಲೇ ಬರುತ್ತಿದೆಯೋ ಇಲ್ಲವೋ ಎಂದು ಖಾತ್ರಿ ಮಾಡಿಕೊಳ್ಳುವವಳ ಹಾಗೆ. ಅಲ್ಲಿಗೆ ನಿಲ್ಲಿಸಿ ಮುಖ್ಯ ಮಾತು ಹೇಳಬೇಕಿತ್ತು. ಆದರೆ ಅಜ್ಜಿ ಹೊರಗೆ ಬಂದಳು. "ಅಯ್ಯಯ್ಯ, ಎರಡು ಮಂದಿ ಮಾತಾಡಿದಂಗ ಆತಲ್ಲೋ! ಇನ್ನೊಮ್ಮೆ ಮಾಡೋ ತಮ್ಮಾ." ಗಿರಣಿಯವನೂ ಬಂದ. ಪಕ್ಕದ ಮನೆಯಿಂದ ಇಬ್ಬರು ಬಂದರು. "ಕಂಡಕ್ಟರಂದು ಬರ್ತದೇನು?" ಅಂದರು. ಬರುತ್ತದೆ. "ಬಜಾರದಾಗ ಲಿಲಾವು ಕೂಗೋನು?" ಹರಾಜಿನವನೂ ಬರುತ್ತಾನೆ. ಎಮ್ಮೆ, ಗಿರಣಿ, ಪುಣೆ ಮೇಡಂ, ಕೆಟ್ಟ ಜೀಪು. ತಂದೆ ಕೂಡ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಎಷ್ಟು ದಿನವಾಗಿತ್ತು ಜೀವಂತ ಮನುಷ್ಯರು ನನ್ನ ಎದುರು ನಿಂತು ನಕ್ಕು! ಕೌದಿಯೊಳಗೆ ಯಾರೂ ನಗುವುದಿಲ್ಲ. ನಿಲ್ಲಿಸಲು ಆಗಲಿಲ್ಲ. ಕಾಲು ತಾಸು ಮಾಡಿರಬೇಕು.

ನೋಡಿದರೆ ಬಾಗಿಲಲ್ಲಿ ಮೊರ ಮಾತ್ರ ಇತ್ತು. ಹುಡುಗಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದ್ದಳು.

ನಗು ಒಂದೊಂದಾಗಿ ಇಳಿಯಿತು. ಮಂದಿ ಚದುರಿದರು. ಹೊರಗಿನಿಂದಲೇ ಬಾಗಿಲಿಗೆ ಹೇಳಿದೆ, ಈ ಸಲ ನನ್ನ ದನಿಯಲ್ಲಿ. "ತಂಗೀ, ನಾ ಇಂಜಿನಿಯರಿಂಗ್‌ನಾಗ ಗಣಿತಕ್ಕ ಎರಡು ಸಲ ಬಿದ್ದೀನಿ. ಬಿದ್ದು ಓಡಿ ಬಂದೀನಿ. ಆ ಸಿಟ್ಟು ನಿನ್ನ ಮ್ಯಾಲ ತಗದೀನಿ. ಗಣಿತ ಅಷ್ಟು ದೊಡ್ಡ ಭೂತ ಅಲ್ಲ. ನೋಡು, ಅದು ಬರಲಿಲ್ಲಂದ್ರೂ ಈ ಫೋನಿನ ವ್ಯವಸ್ಥಾ ಪೂರಾ ನಾನೇ ಕಟ್ಟೀನಿ. ನಿನ್ನ ಕೈಲಿನೂ ಆಗ್ತದ. ನಾಳೆ ಹೋಗು."

ತಂದೆ ಚಹಾ ಕುಡಿದು ಹೋಗು ಅಂದರು. ಕುಡಿದೆ. "ನಾ ಹೇಳಿದ್ರ ಕೇಳವಲ್ಲಳು. ನೀ ಹೇಳಿದ್ದು ಕೇಳ್ತಾಳೋ ಏನೋ, ತಿಳೀದು," ಅಂದರು. ಬಸ್ಸಿನಲ್ಲಿ ವಾಪಸ್ ಬರುವಾಗ ಕಂಡಕ್ಟರ್ "ಎಲ್ಲಿಗೆ?" ಅಂದರೆ ಉತ್ತರ ತಡವಾಯಿತು. ಆ ಹೊತ್ತಿನಲ್ಲಿ ಯಾರ ದನಿಯೂ ನನ್ನ ಹತ್ತಿರ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೋಣೆಗೆ ಹೋಗಿ ಮೊದಲು ಮಾಡಿದ ಕೆಲಸ, ಸರ್, ಮೇಡಂ, ಅಣ್ಣ ಮೂವರ ಫೋಲ್ಡರನ್ನೂ ಲೈನಿನಿಂದ ತೆಗೆದದ್ದು. ಅವರ ಜಾಗಕ್ಕೆ ನನ್ನ ದನಿಯಲ್ಲಿ ಒಂದು ನಿಮಿಷದ ಪ್ರಕಟಣೆ ಹಾಕಿದೆ: ಇಲ್ಲಿ ಇಷ್ಟು ದಿನ ಮಾತಾಡಿದ ತಜ್ಞರು ಖರೇ ಮಂದಿಯಲ್ಲ, ಮಾಹಿತಿ ಓದಿ ಬರೆದದ್ದು, ದನಿ ನನ್ನದು, ನಿಮ್ಮ ಸ್ವಂತ ಪ್ರಶ್ನೆಗೆ ಸಿಕ್ಕ ಉತ್ತರವನ್ನು ನಿಮ್ಮ ಶಾಲೆಯ ಮೇಷ್ಟ್ರ ಹತ್ತಿರ ಇನ್ನೊಮ್ಮೆ ಕೇಳಿ ನೋಡಿ. ನನ್ನ ದನಿಯಲ್ಲಿ ರೆಕಾರ್ಡ್ ಮಾಡುವುದಕ್ಕೆ ಹದಿನಾಲ್ಕು ಟೇಕ್ ಬೇಕಾದವು. ಪ್ರತಿ ಸಲವೂ ಯಾರೋ ಒಬ್ಬರು ನಡುವೆ ನುಸುಳುತ್ತಿದ್ದರು. ಒಂಬತ್ತರ ಹೊತ್ತಿಗೆ ನಾಲ್ಕು ಕಾಲ್ ಬಂದಿದ್ದವು. ನಾಲ್ಕೂ ಹತ್ತು ಸೆಕೆಂಡಿನೊಳಗೆ ಕಟ್.

ಅಲ್ಲಿಂದ ಎದ್ದು ಬಸ್‌ಸ್ಟ್ಯಾಂಡಿಗೆ ಹೋದೆ. ಘಾಟಬೋರಾಳದಿಂದ ಕಾಲೇಜಿರುವ ಊರಿಗೆ ಹೋಗುವವರು ಹುಮನಾಬಾದಿನಲ್ಲೇ ಬಸ್ಸು ಬದಲಿಸಬೇಕು. ಹಣ್ಣಿನ ಬಂಡಿಯ ಪಕ್ಕ ನಿಂತೆ. ಒಂದು ಬಸ್ಸು ಬಂತು, ಅದರಲ್ಲಿ ಇರಲಿಲ್ಲ. ಎರಡನೆಯದರಲ್ಲೂ ಇಲ್ಲ. ಹನ್ನೆರಡು ದಾಟಿತು. ಕಾಲೇಜಿಗೆ ಹೋಗಿ ಸಾಲಿನಲ್ಲಿ ನಿಂತು ಕಾಗದ ತೋರಿಸಿ ಸೇರುವುದೆಂದರೆ ಎರಡು ತಾಸಾದರೂ ಬೇಕು. ದಾರಿ ಒಂದು ತಾಸಿಗೂ ಮೇಲೆ. ಒಂದು ಗಂಟೆಯ ಬಸ್ಸಿನಲ್ಲಿ ಬರಲಿಲ್ಲವೆಂದರೆ ಸೀಟು ಹೋದ ಹಾಗೆ. ಹಣ್ಣಿನವನು "ಯಾರನ್ನ ಕಾಯಾಕತ್ತೀ?" ಅಂದ. "ನನ್ನ ಕೂಡ ಮಾತಾಡದವ್ರನ್ನ" ಅಂದೆ. ಅವನು ಬಾಳೆಹಣ್ಣು ತಿರುಗಿಸಿಟ್ಟ.

ಒಂದು ಗಂಟೆಯ ಬಸ್ಸು ಹತ್ತು ನಿಮಿಷ ತಡವಾಗಿ ಬಂತು. ಮೊದಲು ತಂದೆ ಇಳಿದರು, ಎದೆಗೆ ಪ್ಲಾಸ್ಟಿಕ್ ಕವರಿನ ಫೈಲ್ ಅವಚಿಕೊಂಡು. ಹಿಂದೆ ಅವಳು, ಎರಡು ಜಡೆ, ಹೆಗಲಿಗೆ ಶಾಲೆಯ ಚೀಲ. ಓಡಿಹೋದೆ. "ಟಿಸಿ ತಂದೀರಿ? ಅಂಕಪಟ್ಟಿ? ಜಾತಿ ಆದಾಯದ್ದು? ಎಲ್ಲಾದ್ದೂ ಎರಡೆರಡು ಝೆರಾಕ್ಸ್?" ತಂದೆ ಫೈಲ್ ತೆರೆದು ತೋರಿಸಿದರು. ಎಲ್ಲ ಇತ್ತು. ಝೆರಾಕ್ಸ್ ಮೂರು ಮೂರು ಇತ್ತು.

"ಹ್ಯಾಂಗ ಒಪ್ಪಿದ್ಲು?" ಅಂತ ತಂದೆಯನ್ನು ಮೆಲ್ಲಗೆ ಕೇಳಿದೆ.

"ನನಗೇನು ತಿಳೀತದ? ನಿನ್ನೆ ನೀ ಹೋದ ಮ್ಯಾಲ ಹತ್ತನೆತ್ತೆ ಗಣಿತದ ಪುಸ್ತಕ ತಗದು ಕುಂತ್ಲು. ಮೊದಲನೇ ಪಾಠದಿಂದ ಲೆಕ್ಕಾ ಮಾಡ್ಕೋತ ಹೊಂಟ್ಲು. ಉಣ್ಣು ಅಂದ್ರ ಕೈ ಮಾಡ್ತಾಳ ಖರೇ, ತಲಿ ಎತ್ತಂಗಿಲ್ಲ. ಮುಂಜಾನಿ ಹೊತ್ತು ಹೊಂಡೂದ್ರಾಗ ಎದ್ದು, ಅಪ್ಪಾ ನಡಿ ಅಂದ್ಲು. ಮೊದಲ್ನೇ ಬಸ್ಸಿಗೇ ಬರ್ತಿದ್ವಿ, ಆದಾಯದ ಕಾಗದದ ಝೆರಾಕ್ಸ್ ಲಗೂ ಸಿಗಲಿಲ್ಲ."

ಅವಳು ಸ್ವಲ್ಪ ದೂರ ನಿಂತು ಬಸ್ಸಿನ ಬೋರ್ಡುಗಳನ್ನು ಓದುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಅವರಿಬ್ಬರನ್ನು ಕಂಡ ಮೇಲೆ ಎದೆಯ ಭಾರ ಇಳಿದಿತ್ತು, ಇಳಿದ ಕೂಡಲೇ ಹಳೆಯ ಚಾಳಿ ಎದ್ದಿತ್ತು. ಹತ್ತಿರ ಹೋಗಿ ಹಲ್ಲು ಕಿಸಿದೆ. "ಏನು ತಂಗೀ, ಹೈದರಾಬಾದ್ ಸರ್‌ಗಿಂತ ಕಡೀಕ ನನ್ನ ಮಾತೇ ಬರೋಬ್ಬರಿ ಆತಲ್ಲಾ? ಬಾಗಲ ಹಿಂದ ನಿಂತು ಕೇಳಿದಿ ಅನ್ನು."

ಅವಳು ಬೋರ್ಡಿನಿಂದ ಕಣ್ಣು ತೆಗೆದು ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ನಗುವೂ ಇರಲಿಲ್ಲ. ಪೀಂ ಅಂದ ಮೇಲೆ ಮಾತಾಡುತ್ತಿದ್ದ ಅದೇ ಸಣ್ಣ ದನಿಯಲ್ಲಿ ಹೇಳಿದಳು:

"ಅಣ್ಣಾ, ಸರ್ ಆಗಿ ಮಾತಾಡಿದಾಗೂ ನೀವು ನಿಮ್ಮ ಗಣಿತದ್ದೇ ಹೇಳಿದ್ರಿ, ನಿನ್ನೆ ನಮ್ಮ ಬಾಗಲದಾಗ ನಿಂತಾಗೂ ನಿಮ್ಮದೇ ಹೇಳಿದ್ರಿ. ನನಗ ಗಣಿತದಾಗ ಎಷ್ಟು ಮಾರ್ಕ್ಸ್ ಬಂದಾವ ಅಂತ ಒಮ್ಮೆರೆ ಕೇಳೀರೇನು?"